ಸೂಜಿ ಚುಚ್ಚಿದರೂ ನೋಯದ ಬೆರಳು

ಹೋದ ಭಾನುವಾರ ಹೆಮ್ಮಾಡಿಯಲ್ಲಿ ನನ್ನ ಅತ್ತೆ ನನ್ನ ಎಡಗೈ ಬೆರಳಿಗೆ ಸೂಜಿ ಚುಚ್ಚಿದರು.

ಕೈತಪ್ಪಿ ಅಲ್ಲ, ಬೇಕೆಂದೇ.

"ನೋವಾತ್ತಾ?" ಎಂದು ಕೇಳಿದರು.

"ಇಲ್ಲೆ" ಎಂದೆ. ಇದ್ದದ್ದನ್ನೇ ಹೇಳಿದೆ. ಬಾಗಿಲ ಹಿಂದೆ ನಿಂತಿದ್ದ ನನ್ನ ಹೆಂಡತಿ ಸುಶೀಲ ಬಿಕ್ಕಿಬಿಕ್ಕಿ ಅಳತೊಡಗಿದಳು.

ಏನಾಯಿತೆಂದರೆ, ಕೆಲವು ತಿಂಗಳಿಂದ ನಾನು ಗಿಟಾರ್ ಕಲಿಯುತ್ತಿದ್ದೇನೆ. (ನಗಬೇಡಿ.) ನನ್ನ ಆಫೀಸು ಇರುವುದು ಬ್ರಹ್ಮಾವರದಲ್ಲಿ. ಅದರ ಹಿಂದಿನ ಓಣಿಯಲ್ಲಿ ಲಾರೆನ್ಸ್ ಮಾಸ್ಟ್ರ ಮನೆ. ಬೊಂಬಾಯಿಯ ಹೋಟೆಲಿನ ಬ್ಯಾಂಡಿನಲ್ಲಿ ನುಡಿಸುತ್ತಿದ್ದವರು, ವಯಸ್ಸಾಯಿತೆಂದು ಊರಿಗೆ ಬಂದಿದ್ದಾರೆ. ದಿನಾ ಸಂಜೆ ಅವರ ಜಗಲಿಯಲ್ಲಿ ಅವರದೇ ಗಿಟಾರ್ ಹಿಡಿದು ಕೂರುತ್ತೇನೆ.

"ಕಾಣಿ, ಬೆರಳೆಲ್ಲ ಒಟ್ಟಿಗೇ ಇಳೀಕ್. ಒಂದೊಂದೇ ಇಳ್ಸ್ರೆ ಅದ್ ಕಾರ್ಡ್ ಅಲ್ಲ. ಬಲಗೈ ಸಡ್ಲ ಬಿಡಿ, ತೆಂಗಿನ್ ಮರ ಹತ್ತುಕ್ ಹೊರಟವ್ರ ಹಾಂಗೆ ಬಿಗಿ ಹಿಡೀಬೇಡಿ!"

ಕಾರ್ಡ್ ಎಂದರೆ ಹಲವು ಸ್ವರ ಒಟ್ಟಿಗೆ ನುಡಿಸುವುದು: ಇ ಮೈನರ್, ಎ ಮೈನರ್. ಮತ್ತೆ ಇ ಮೈನರ್. ತಿಂಗಳುಗಟ್ಟಲೆ ಇವೆರಡೇ. ಇವರಿಗೆ ಬರುವುದೇ ಎರಡು ಕಾರ್ಡ್ ಇರಬಹುದೇ ಎಂಬ ಸಂಶಯ ನನಗೆ ಇತ್ತು. ಉಕ್ಕಿನ ತಂತಿ ಒತ್ತಿ ಒತ್ತಿ ಎಡಗೈ ಬೆರಳ ತುದಿಗಳಲ್ಲಿ ಮೊದಲು ಬೊಕ್ಕೆ ಎದ್ದವು. ಆಮೇಲೆ ಚರ್ಮ ಕಪ್ಪಾಗಿ ದಪ್ಪಗಟ್ಟಿತು.

ಮನೆಯಲ್ಲಿ ಹೇಳಿರಲಿಲ್ಲ. ಗಿಟಾರ್ ಎಂದರೆ ಹಿಂದಿ ಸಿನಿಮಾದ ಕ್ಲಬ್ಬು, ಕುಡುಕರು ಎಂದೇ ತಿಳಿದವರು ನಮ್ಮವರು. ಒಂದು ಹಾಡು ಬರಲಿ, ಆಮೇಲೆ ಹೇಳೋಣ ಎಂದುಕೊಂಡೆ. ತಡವಾದರೆ "ಆಫೀಸಿನಲ್ಲಿ ಕೆಲಸ" ಎನ್ನುತ್ತಿದ್ದೆ.

ಅಷ್ಟರಲ್ಲಿ ಅತ್ತೆ ಕುಂದಾಪುರದ ನಮ್ಮ ಮನೆಗೆ ಬಂದರು. ಬೆಳಿಗ್ಗೆ ಬಲಗೈಯಲ್ಲಿ ಪೇಪರು ಹಿಡಿದು, ಒಲೆಯಿಂದ ಆಗಷ್ಟೇ ಬಂದ ಕಾಫಿ ಲೋಟವನ್ನು ಎಡಗೈಯ ಬೆರಳ ತುದಿಗಳಲ್ಲಿ ಎತ್ತಿದೆ.

"ಹ್ವಾಯ್, ಕೈ ಸುಡುದಿಲ್ಯಾ ನಿಮ್ಗೆ?"

"ಇಲ್ಲೆ ಅತ್ತೆ" ಎಂದೆ ಹೆಮ್ಮೆಯಿಂದ.

ಅವರು ನನ್ನ ಬೆರಳನ್ನೇ ನೋಡಿದರು. ಆಮೇಲೆ ಅಡುಗೆಮನೆಯಲ್ಲಿ ಗುಸುಗುಸು. ಸಂಜೆ ಮನೆಗೆ ಬಂದರೆ ಬೀಗ! ಅತ್ತೆ ಸುಶೀಲಳನ್ನು ಕರೆದುಕೊಂಡು ಹೆಮ್ಮಾಡಿಯ ತಮ್ಮ ಮನೆಗೆ ಹೋಗಿದ್ದರು. ಭಾನುವಾರ ಹಿಂದೆಯೇ ಹೋದೆ. ಊಟಕ್ಕೆ ಎಲ್ಲರಿಗೂ ಬಟ್ಟಲು, ನನಗೊಬ್ಬನಿಗೆ ಬಾಳೆಲೆ, ಅದೂ ಜಗಲಿಯಲ್ಲಿ. ಊಟವಾದ ಮೇಲೆ ಸೂಜಿ.

"ದೊಡ್ಡ ರೋಗ ಶುರುವಾಪ್ದೇ ಹೀಂಗೆ. ಮದ್ದಿತ್ತ್, ಆಸ್ಪತ್ರೆಗ್ ಹೋಯಿ ಬನ್ನಿ. ಮಗಳ್ ಇಲ್ಲೇ ಇರ್ಲಿ" ಎಂದರು ಅತ್ತೆ.

ದೊಡ್ಡ ರೋಗವೆಂದರೆ ಕುಷ್ಠ! ಗಿಟಾರಿನ ಕತೆ ಹೇಳಿದೆ. ಯಾರು ನಂಬುತ್ತಾರೆ? ಸುಶೀಲಳೂ ನೆಲ ನೋಡುತ್ತಿದ್ದಳು.

ಎದ್ದವನೇ ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋದೆ. ಮಾಸ್ಟ್ರನ್ನು ಬೇಡಿಕೊಂಡು ಗಿಟಾರ್ ತಂದು ಅತ್ತೆಯ ಜಗಲಿಯಲ್ಲಿ ಕುಳಿತು ಬಾರಿಸಿದೆ. ಬೆರಳೆಲ್ಲ ಒಟ್ಟಿಗೇ ಇಳಿದವು. ಜೀವಮಾನದಲ್ಲಿ ಮೊದಲ ಸಲ ಕಾರ್ಡ್ ಸ್ವಚ್ಛವಾಗಿ ಕೇಳಿತು.

ಸುಶೀಲ ಹತ್ತಿರ ಬಂದು ತಂತಿ ಒತ್ತಿ ನೋಡಿದಳು. "ಅಬ್ಬಾ!" ಎಂದು ಕೈ ಕೊಡವಿಕೊಂಡಳು. ಅವಳ ಬೆರಳಲ್ಲಿ ಗೆರೆ ಮೂಡಿತ್ತು. ಆಮೇಲೆ ನನ್ನ ಬೆರಳುಗಳನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡಳು. ಸೂಜಿ ಚುಚ್ಚಲು ಬಿಟ್ಟರೆ ಅಷ್ಟು ದಿನ ಯಾರೂ ಮುಟ್ಟದ ಬೆರಳು. ನನಗೂ ಕಣ್ಣು ತುಂಬಿತು.

"ಹೇಳುಕ್ ಎಂತ ಆಯ್ತ್ ನಿಮ್ಗೆ?"

"ಕೇಂಬುಕ್ ಎಂತ ಆಯ್ತ್ ನಿಂಗೆ?"

ನೀವೇ ಹೇಳಿ, ಒಂದು ಮಾತು ನೇರ ಕೇಳುವುದಕ್ಕಿಂತ ಸೂಜಿ ಹುಡುಕುವುದು ಸುಲಭವೇ?

ಅತ್ತೆ ಮಾತ್ರ ಅಷ್ಟಕ್ಕೇ ಬಿಡಲಿಲ್ಲ. "ಬಲಗೈ ಕೊಡಿ, ಕಾಂಬ" ಎಂದು ಮತ್ತೆ ಚುಚ್ಚಿದರು. "ಅಯ್ಯಮ್ಮಾ!" ಎಂದು ಕೂಗಿದೆ. ಆಗ ಅವರ ಮುಖದಲ್ಲಿ ನಗು ಬಂತು. ಮಗಳ ಚೀಲವನ್ನು ತಾವೇ ತಂದು ಕೊಟ್ಟರು.

ಕುಂದಾಪುರದ ಬಸ್ಸಿನಲ್ಲಿ ಸುಶೀಲ ನನ್ನ ಹೆಗಲಿಗೆ ಒರಗಿ ಕುಳಿತಿದ್ದಳು. ಎಲ್ಲ ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ.

"ಹ್ವಾಯ್, ಆ ಮಾಸ್ಟ್ರ ಮನ್ಯಗೆ ಮತ್ತೆ ಯಾರೆಲ್ಲ ಇದ್ರ್?"