ಕುರುಗೋಡಿನ ಬೇವಿನ ಬುಡ

೧೯೫೧ರ ಬೇಸಿಗೆ. ಬಳ್ಳಾರಿ ಇನ್ನೂ ಮದರಾಸು ರಾಜ್ಯದಲ್ಲಿತ್ತು. ನಾನು ಸಿರುಗುಪ್ಪದ ಆಸ್ಪತ್ರೆಯೊಂದರಲ್ಲಿ ಮಿಡ್‌ವೈಫ್, ಅಂದರೆ ಹೆರಿಗೆ ಮಾಡಿಸುವ ನರ್ಸ್. ಆ ತಿಂಗಳಷ್ಟೇ ನನ್ನ ಎಳೆಗೂಸು, ಮಗಳು, ಜ್ವರದಲ್ಲಿ ತೀರಿಕೊಂಡಿದ್ದಳು. “ಡ್ಯೂಟಿಗೆ ಬಾಮ್ಮ, ಎಲ್ಲಾ ಮರೀತೀಯ” ಎಂದರು ಡಾಕ್ಟರು. ಹಾಗೆ ಹೇಳುವವರು ಯಾರೂ ಹಾಲು ಕಟ್ಟಿ ಎದೆ ಕಲ್ಲಾದ ಹೆಂಗಸರಲ್ಲ. ಆದರೂ ಹೋದೆ, ಬಿಡುವಿಲ್ಲದೆ ದುಡಿದೆ.

ಒಂದು ಬೆಳಿಗ್ಗೆ ಕುರುಗೋಡಿನಿಂದ ಕರೆ ಬಂತು. ಬಸಮ್ಮ ಎಂಬಾಕೆಯ ಮಗಳು ಗಂಗಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹಿಂದಿನ ದಿನದಿಂದ ನೋವು. ಫೀಟೋಸ್ಕೋಪ್ ಎಂಬ ಕಟ್ಟಿಗೆಯ ಕೊಳವೆಯನ್ನು ಹೊಟ್ಟೆಗೊತ್ತಿ ಕಿವಿಯಿಟ್ಟರೆ ಒಳಗಿನ ಕೂಸಿನ ಎದೆಬಡಿತ ಕೇಳುತ್ತದೆ. ಅದನ್ನು ಎಣಿಸಬೇಕು, ತೀರ ನಿಧಾನವಾದರೆ ಕೂಸು ಉಳಿಯುವುದು ಕಷ್ಟ. ನಾನು ಎಣಿಸಹೋದರೆ ನಡುವೆಯೇ ಲೆಕ್ಕ ತಪ್ಪುತ್ತಿತ್ತು. ಮತ್ತೆ ಮೊದಲಿನಿಂದ, ಮತ್ತೆ ತಪ್ಪು. ಕಿವಿಯ ತುಂಬ ನನ್ನ ಮಗಳದೇ ಅಳು. ನನ್ನ ರವಿಕೆ ಹಾಲಿನಿಂದ ತೊಯ್ದಿದ್ದನ್ನು ಬಸಮ್ಮ ನೋಡಿಬಿಟ್ಟಳು.

“ನರ್ಸಮ್ಮಾರ, ನಿಮ್ಮ ಕೂಸು ಎಲ್ಲೈತ್ರಿ?”

“ಇಲ್ಲವ್ವ. ಮಣ್ಣು ಮಾಡಿ ಬಂದೀನಿ.”

ಕೂಸು ಕಳಕೊಂಡವಳ ಕೈಯ ಹೆರಿಗೆ ಬೇಡವೆನ್ನುವ ಮನೆಗಳನ್ನು ನಾನು ಬಲ್ಲೆ. ಬಸಮ್ಮ ಮಾತ್ರ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಕರೆದೊಯ್ದಳು.

“ಹಾಲು ಹಿಂಡಿ ಬೇವಿನ ಬುಡಕ್ಕ ಬಿಡ್ರಿ, ತುಳಿಯೋ ಜಾಗದಾಗ ಬ್ಯಾಡ. ಅಳೂದೆಲ್ಲ ಅತ್ತು, ಮಜ್ಜಿಗಿ ಕುಡದು ಬರ್ರಿ. ಅಲ್ಲೀತನಕ ಮಗಳ ಹತ್ರ ನಾ ಇರ್ತೀನಿ.”

ಹಿಂಡಿದೆ. ಮಗಳು ಹೋದ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತೆ. ಮುಖ ತೊಳೆದು ಒಳಗೆ ಬಂದು ಕೊಳವೆಗೆ ಕಿವಿಯಿಟ್ಟೆ. ಈ ಸಲ ಲೆಕ್ಕ ತಪ್ಪಲಿಲ್ಲ. ಬಡಿತ ಇಳಿಯುತ್ತಿತ್ತು. ಗಂಗಮ್ಮನನ್ನು ಮಗ್ಗುಲಿಗೆ ಹೊರಳಿಸಿ, ತಡಮಾಡದೆ ಹೆರಿಗೆ ಮಾಡಿಸಿದೆ. ಕುತ್ತಿಗೆಗೆ ಸುತ್ತಿದ್ದ ಹೊಕ್ಕುಳಬಳ್ಳಿಯನ್ನು ಬಿಡಿಸಿದ ಮೇಲೆ ಕೂಸು ಅತ್ತಿತು. ಹೆಣ್ಣು.

ಬಾಣಂತಿಯ ಮೊದಲ ಹಾಲು ಆಗದೆಂದು ಚೆಲ್ಲಿ, ಕೂಸಿಗೆ ಬೇರೆ ಹೆಂಗಸಿನ ಹಾಲು ಕುಡಿಸುವುದು ಆ ಮನೆಯ ರೂಢಿ. ಬಸಮ್ಮ ಕೂಸನ್ನು ನನ್ನತ್ತ ಚಾಚಿದಳು. “ನೀವೇ ಕುಡಸ್ರೆವ್ವಾ.”

ತೆಗೆದುಕೊಂಡೆ. ಕೂಸು ಬಾಯಿ ತೆರೆದು ನನ್ನ ಎದೆ ಹುಡುಕಿತು. ಇನ್ನೊಂದು ಗಳಿಗೆ ಇಟ್ಟುಕೊಂಡಿದ್ದರೆ ತಿರುಗಿ ಕೊಡುತ್ತಿರಲಿಲ್ಲ.

“ತಾಯಿ ಹಾಲೇ ಆಗಬೇಕವ್ವ, ಮೊದಲ ಹಾಲೇ ಚಲೋ” ಎಂದು ಗಂಗಮ್ಮನ ಎದೆಗೆ ಹಾಕಿದೆ.

ದಣಿದ ಮನಸ್ಸನ್ನು ಇನ್ನಷ್ಟು ದುಡಿಸಿ ಸರಿಮಾಡಲಾಗದು, ಅದಕ್ಕೆ ಅಳಲು ಒಂದು ಹಿತ್ತಲು ಬೇಕು. ಈ ಕೆಲಸ ನನಗೆ ಕಲಿಸಿದ್ದು ಅದನ್ನು. ಮುಂದೆ ನನ್ನ ಕೈಕೆಳಗಿನ ನರ್ಸುಗಳು ಲೆಕ್ಕ ತಪ್ಪಿದರೆ ಬೈಯದೆ ಹೊರಗೆ ಕಳಿಸುತ್ತಿದ್ದೆ. ಅಂದು ನಾನು ಹೊರಟಾಗ ಬೇವಿನ ಬುಡ ಆಗಲೇ ಒಣಗಿತ್ತು. ಬಸ್ಸು ಸಿರುಗುಪ್ಪ ಮುಟ್ಟುವ ಹೊತ್ತಿಗೆ ನನ್ನ ಎದೆ ಮತ್ತೆ ತುಂಬಿಕೊಂಡಿತ್ತು.