ಬಾವಿ ಕೊಡಿ, ಕಂದಾಯ ತಗೊಳ್ಳಿ

ನಮ್ಮ ಮನೆ ಓನರ್ ಮುನಿಆಂಜನಪ್ಪನವರು ಹದಿನೇಳು ವರ್ಷ ಮನೆ ಕಂದಾಯ ಕಟ್ಟಲಿಲ್ಲ. ದುಡ್ಡಿರಲಿಲ್ಲ ಅಂತಲ್ಲ. ಕಗ್ಗದಾಸಪುರದಲ್ಲಿ ಮೂರಂತಸ್ತಿನ ಮನೆ, ಕೆಳಗೆ ಎರಡು ಅಂಗಡಿ, ಮೇಲೆ ಬಾಡಿಗೆಗೆ ನನ್ನಂಥ ಬಡಪಾಯಿ. ನನ್ನ ಒಂದು ತಿಂಗಳ ಬಾಡಿಗೆಯಲ್ಲಿ ಅವರ ವರ್ಷದ ಕಂದಾಯ ತೀರಿಹೋಗುತ್ತಿತ್ತು. ಕಟ್ಟದೆ ಇದ್ದದ್ದು ಸಿಟ್ಟಿಗೆ.

ಸಿಟ್ಟಿಗೆ ಕಾರಣ ಒಂದು ಬಾವಿ. ಅವರಪ್ಪ ತೋಡಿಸಿದ್ದು, ಅರವತ್ತಡಿ ಆಳದ್ದು. ಊರು ನಗರಕ್ಕೆ ಸೇರಿದ ಹೊಸದರಲ್ಲಿ ಯಾರೋ ಕಂಟ್ರಾಕ್ಟರು ಮನೆ ಮುಂದಿನ ರಸ್ತೆ ಅಗಲ ಮಾಡಲು ಬಂದ. ಮುನಿಆಂಜನಪ್ಪನವರು ಅವತ್ತು ಹೊಸಕೋಟೆಗೆ ಮದುವೆಗೆ ಹೋಗಿದ್ದರು. ಊಟ ಮಾಡಿ, ತಾಂಬೂಲ ಹಿಡಿದು ವಾಪಸ್ ಬರುವಷ್ಟರಲ್ಲಿ ಬಾವಿ ಇರಲಿಲ್ಲ. ಮಣ್ಣು ತುಂಬಿ, ಜಲ್ಲಿ ಹಾಕಿ, ಮೇಲೆ ರೋಲರ್ ಓಡಿಸಿಯಾಗಿತ್ತು. ಪರಿಹಾರ ಕೊಡ್ತೀವಿ ಅಂದರು. ಪರಿಹಾರ ಬರಲಿಲ್ಲ, ಕಂದಾಯದ ನೋಟಿಸ್ ಬಂತು.

ಅಲ್ಲಿಂದಾಚೆ ಪ್ರತಿ ವರ್ಷ ಏಪ್ರಿಲ್ ತಿಂಗಳ ಮೊದಲ ದಿನಗಳಲ್ಲಿ ವಾರ್ಡ್ ಆಫೀಸಿಗೆ ಹೋಗಿ ಒಂದೇ ಸಾಲಿನ ಅರ್ಜಿ ಕೊಡುತ್ತಿದ್ದರು: ‘ನನ್ನ ಬಾವಿ ಕೊಡಿ, ನಿಮ್ಮ ಕಂದಾಯ ತಗೊಳ್ಳಿ.’ ನಕಲಿನ ಮೇಲೆ ‘ಸ್ವೀಕರಿಸಿದೆ’ ಅಂತ ಸೀಲು ಒತ್ತಿಸಿಕೊಂಡು, ದಾರಿಯಲ್ಲೇ ಲ್ಯಾಮಿನೇಷನ್ ಮಾಡಿಸಿ ತರುತ್ತಿದ್ದರು. ಹದಿನೇಳು ಹಾಳೆ, ಹದಿನೇಳು ಸೀಲು. ನಡುಮನೆ ಗೋಡೆಯಲ್ಲಿ ದೇವರ ಫೋಟೋಗಳಿಗಿಂತ ಒಂದು ಮೊಳೆ ಮೇಲೆ ತೂಗುತ್ತಿದ್ದವು. ರಸ್ತೆಯಲ್ಲಿ ಬಾವಿಯಿದ್ದ ಜಾಗವನ್ನು ಅವರು ಒಂದು ದಿನವೂ ತುಳಿದವರಲ್ಲ, ಬಳಸಿಕೊಂಡೇ ಹೋಗುತ್ತಿದ್ದರು. ಆಟೋದವರು ಬಯ್ಯುತ್ತಿದ್ದರು.

ಹೆಂಡತಿ ರಾಮಲಕ್ಷ್ಮಮ್ಮನವರಿಗೆ ಈ ಹೋರಾಟದ ಮೇಲೆ ಅಂಥ ಗೌರವವೇನೂ ಇರಲಿಲ್ಲ. “ದಿನಾ ಇಪ್ಪತ್ತು ಬಿಂದಿಗೆ ನೀರು ಸೇದ್ತಿದ್ದೋಳು ನಾನು. ಅದನ್ನ ಮುಚ್ಚಿದ್ ದಿನ ಹೊಟ್ಟೆ ತುಂಬಾ ಉಂಡೆ. ಇವರದೇನು, ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಹಾಕ್ಕೊಂಡಿದ್ರು.”

ನಾನು ಕುಕ್ ಟೌನಿನ ಒಂದು ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವನು. ನನ್ನ ತೆರಿಗೆಯನ್ನು, ಸಂಬಳ ಕೈಗೆ ಬರುವ ಮೊದಲೇ, ಅಲ್ಲೇ ಮುರಿದುಕೊಂಡಿರುತ್ತಾರೆ. ಕೊಡಲ್ಲ ಅನ್ನುವ ಭಾಗ್ಯ ನನಗಿಲ್ಲ.

“ನಿಮ್ದು ಕುರಿ ಬಾಳು ಮೇಷ್ಟ್ರೇ,” ಅನ್ನುತ್ತಿದ್ದರು ಮುನಿಆಂಜನಪ್ಪ. “ಮಲಗಿರೋವಾಗ್ಲೇ ತುಪ್ಪಟ ಕತ್ತರಿಸ್ಕೊಂಡ್ ಹೋಗ್ತಾರೆ.”

ಈ ಮಾತಿಗೆ ಸೇಡು ತೀರಿಸಿಕೊಳ್ಳಲು ಒಂದು ಭಾನುವಾರ ಅವರನ್ನು ಕೂರಿಸಿಕೊಂಡು ಪಾಠ ಮಾಡಿದೆ. ಇಂಗ್ಲೆಂಡಿನಲ್ಲಿ ಕಿಟಕಿಗೆ ತೆರಿಗೆ ಹಾಕಿದಾಗ ಜನ ಇಟ್ಟಿಗೆಯಿಟ್ಟು ಕಿಟಕಿಯನ್ನೇ ಮುಚ್ಚಿದ್ದು, ಅಮೆರಿಕದವರು ಹಡಗಿನಲ್ಲಿದ್ದ ಚಹಾವನ್ನು ಸಮುದ್ರಕ್ಕೆ ಸುರಿದದ್ದು, ಅಂಕೋಲಾ ಸಿದ್ದಾಪುರದ ರೈತರು ಬ್ರಿಟಿಷರಿಗೆ ಕಂದಾಯ ಕೊಡದೆ ಹೊಲ ಮನೆ ಕಳೆದುಕೊಂಡದ್ದು, ಜಪ್ತಿಯಾದ ಜಮೀನು ಕೊಂಡವರ ಮನೆ ಮುಂದೆ ಹೆಂಗಸರು ಉಪವಾಸ ಕೂತದ್ದು. “ನೋಡಿ ಯಜಮಾನ್ರೇ, ಜನ ಬಡತನಕ್ಕಿಂತ ಅವಮಾನಕ್ಕೇ ತೆರಿಗೆ ನಿಲ್ಲಿಸಿದ್ದು ಹೆಚ್ಚು,” ಅಂತ ಮುಗಿಸಿದೆ.

ಅವರು ತುಂಬಾ ಹೊತ್ತು ಯೋಚಿಸಿ ಕೇಳಿದರು: “ಅವರಿಗೆಲ್ಲ ತಮ್ಮ ಇದ್ನಾ?”

“ಅದು ಪುಸ್ತಕದಲ್ಲಿಲ್ಲ.”

“ಮತ್ತೆ ಏನ್ ಪಾಠ ಮಾಡ್ತೀರಾ ನೀವು?”

ಅವರಿಗೊಬ್ಬ ತಮ್ಮನಿದ್ದ. ಕೆಂಪರಾಜ್. ಗೋಡೆಯಾಚೆಯ ಮನೆ ಅವನದು. ಆ ಗೋಡೆ ಒಂದೂವರೆ ಅಡಿ ಆಚೆ ಇರಬೇಕಿತ್ತೋ ಈಚೆ ಇರಬೇಕಿತ್ತೋ ಎಂಬ ವಿಷಯಕ್ಕೆ ಮಾತು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಏನಾದರೂ ಹೇಳಲೇಬೇಕಾದಾಗ ಇಬ್ಬರೂ ಬೀದಿನಾಯಿ ರಾಜನಿಗೆ ಹೇಳುತ್ತಿದ್ದರು. “ಏ ರಾಜಾ, ಕೆಲವರ ಮನೆ ಟ್ಯಾಂಕ್ ತುಂಬಿ ನಮ್ಮ ಕಡೆ ಸುರೀತೈತೆ, ಕಾಣ್ಸಲ್ವೇನೋ?” ಎರಡೂ ಮನೆಯ ಅನ್ನ ತಿನ್ನುವ ರಾಜ ಬಾಲ ಅಲ್ಲಾಡಿಸಿ ನಿಷ್ಪಕ್ಷಪಾತವಾಗಿರುತ್ತಿದ್ದ.

ಈ ವರ್ಷ ಫೆಬ್ರವರಿಯಲ್ಲಿ ವಸೂಲಿಗೆ ತಮಟೆ ಬಂತು. ಬಾಕಿ ಇಟ್ಟವರ ಮನೆ ಮುಂದೆ ನಿಂತು ಮಾನ ಹರಾಜಾಗುವ ಹಾಗೆ ಬಾರಿಸುವುದು. ಮುನಿಆಂಜನಪ್ಪ ಕುರ್ಚಿ ತರಿಸಿ, ಕಾಲ ಮೇಲೆ ಕಾಲು ಹಾಕಿ ಗೇಟಿನಲ್ಲೇ ಕೂತರು.

“ಏನ್ರೋ ಇದು, ಹಸಿದೋರ ಥರ ಬಾರಿಸ್ತೀರಾ? ಜೋರಾಗ್ ಬಾರ್ಸ್ರೋ! ನಮ್ಮಪ್ಪನ ತಿಥೀಲೇ ಇದಕ್ಕಿಂತ ಚೆನ್ನಾಗಿತ್ತು.”

ಜೊತೆಗೆ ಬಂದಿದ್ದ ರೆವಿನ್ಯೂ ಇನ್‌ಸ್ಪೆಕ್ಟರ್ ನರೇಶ್ ಗೇಟಿಗೆ ನೋಟಿಸ್ ಅಂಟಿಸಿದ. “ಯಜಮಾನ್ರೇ, ಬಡ್ಡಿ ಮನ್ನಾ ಆಗಿ ಎರಡೂ ಕಾಲು ಲಕ್ಷ. ಸೋಮವಾರದೊಳಗೆ ಕಟ್ಟಿಲ್ಲ ಅಂದ್ರೆ ಅಂಗಡಿಗಳಿಗೆ ಬೀಗ.”

“ಬೀಗ ತಾನೆ? ದೊಡ್ಡದೇ ತಗೊಂಬಾ.”

ಅವರಿಗೆ ಬೇಕಾಗಿದ್ದದ್ದೂ ಅದೇ. ಬೀಗ ಬಿದ್ದರೆ ಕೋರ್ಟಿಗೆ ಹೋಗಬಹುದು. ಕೋರ್ಟಿನಲ್ಲಿ ಹದಿನೇಳು ಹಾಳೆ ಹರಡಿ, ಬಾವಿ ಎಲ್ಲಿ ಅಂತ ಜಡ್ಜ್ ಬಾಯಿಂದಲೇ ಕೇಳಿಸಬಹುದು. ಭಾನುವಾರವೇ ಕಟಿಂಗ್ ಮಾಡಿಸಿಕೊಂಡರು. ಸೋಮವಾರ ಬೆಳಗ್ಗೆ ಬಿಳಿ ಪಂಚೆ, ಬಿಳಿ ಶರ್ಟು. ಬೀಗ ಹಾಕುವುದನ್ನು ವಿಡಿಯೋ ಮಾಡಲು ನನ್ನನ್ನು ನೇಮಿಸಿದರು. ನಾನು ಕಾಲೇಜಿಗೆ ಹೊಟ್ಟೆನೋವು ಅಂತ ಸುಳ್ಳು ಹೇಳಿ ಫೋನು ಹಿಡಿದು ನಿಂತೆ.

ನರೇಶ್ ಬರಿಗೈಯಲ್ಲಿ ಬಂದ. “ನಿಮ್ದು ಕ್ಲಿಯರ್ ಆಗೈತೆ ಯಜಮಾನ್ರೇ. ಪೂರ್ತಿ. ಶನಿವಾರ ಆನ್‌ಲೈನಲ್ಲಿ ಬಂದಿದೆ.”

“ಯಾರ್ ಕಟ್ಟಿದ್ದು?”

“ಯಾರಾದ್ರೇನು? ನೋಟಿಸ್ ಮೇಲೆ ನಂಬರ್ ಇರುತ್ತಲ್ಲ, ಅದನ್ನ ಹಾಕಿ ಯಾರ್ ಬೇಕಾದ್ರೂ ಕಟ್ಬಹುದು.”

“ನಾನು ಕಟ್ಟಿಲ್ಲ. ವಾಪಸ್ ಕೊಟ್ಬಿಡಿ.”

“ಬಂದಿದ್ದನ್ನ ವಾಪಸ್ ಕೊಡೋ ಪದ್ಧತಿ ನಮ್ಮಲ್ಲಿಲ್ಲ.”

“ಬಾವಿ ಅರ್ಜಿ?”

“ಬಾಕಿನೇ ಇಲ್ವಲ್ಲ ಯಜಮಾನ್ರೇ, ಇನ್ನು ಯಾವ ಬಾವಿ?”

ನಾನು ವಿಡಿಯೋ ನಿಲ್ಲಿಸಿದೆ. ಅವರ ಮುಖ ನೋಡುವ ಹಾಗಿರಲಿಲ್ಲ. ಅಷ್ಟರಲ್ಲಿ ಗೋಡೆಯಾಚೆಯಿಂದ ದನಿ ಬಂತು.

“ಏ ರಾಜಾ! ನಮ್ಮ ಮಗಳನ್ನ ನೋಡೋಕೆ ನಿನ್ನೆ ಗಂಡಿನ ಕಡೆಯೋರು ಬಂದಿದ್ರಲ್ಲ, ಪಕ್ಕದ ಮನೇಲಿ ತಮಟೆ ಬಡಿಸ್ಕೊಳೋರು ನಿಮ್ಮ ಅಣ್ಣನೇನಾ ಅಂತ ಕೇಳಿದ್ರೆ ಏನೋ ಹೇಳ್ಬೇಕಿತ್ತು? ಅದಕ್ಕೇ ಮೊದಲೇ ಕಟ್ಬಿಟ್ಟೆ!”

ಮುನಿಆಂಜನಪ್ಪನವರು ಹನ್ನೆರಡು ವರ್ಷದಲ್ಲಿ ಮೊದಲ ಸಲ ನಾಯಿಯನ್ನು ಬಿಟ್ಟು ನೇರವಾಗಿ ಕೂಗಿದರು. “ಲೋ ಮನೆಹಾಳ! ಹದಿನೇಳು ವರ್ಷದ ನನ್ನ ಕೋಪಾನ ಎರಡೂ ಕಾಲು ಲಕ್ಷಕ್ಕೆ ಕೊಂಡ್ಕೊಂಡ್ಯಲ್ಲೋ!”

“ರಸೀದಿ ನನ್ನ ಹತ್ರನೇ ಐತೆ ರಾಜಾ. ಭದ್ರವಾಗಿಟ್ಟಿದೀನಿ. ಇನ್ಮೇಲೆ ವರ್ಷಾ ವರ್ಷಾ ನಾವೇ ಕಟ್ಬಿಡೋಣ.”

ಈ ಮಾತಿನ ಭಯ ಬಾಡಿಗೆಯವರಿಗೆ ಅರ್ಥವಾಗುವಂಥದ್ದಲ್ಲ. ವಕೀಲರು ಏನೇ ಹೇಳಲಿ, ಕಂದಾಯದ ರಸೀದಿ ಯಾರ ಕೈಯಲ್ಲಿದೆಯೋ ಜಾಗ ನಾಳೆ ಅವರ ಮಾತು ಕೇಳುತ್ತೆ ಅಂತ ಈ ಊರಿನ ಹಳಬರ ನಂಬಿಕೆ. ಹದಿನೇಳು ವರ್ಷದ ರಸೀದಿ, ಅದೂ ಒಂದೂವರೆ ಅಡಿಗೆ ಕಣ್ಣು ಹಾಕಿದವನ ಬೀರುವಿನಲ್ಲಿ. ಅವತ್ತು ಮುನಿಆಂಜನಪ್ಪ ಊಟ ಮಾಡಲಿಲ್ಲ. ರಾಮಲಕ್ಷ್ಮಮ್ಮ ಮಾಡಿದರು.

ಏಪ್ರಿಲ್ ಬಂತು. ಆಫೀಸು ತೆರೆದ ಮೊದಲ ದಿನವೇ ನನ್ನನ್ನು ಎಳೆದುಕೊಂಡು ಹೊರಟರು. ಎಂದಿನಂತೆ ಅರ್ಜಿಗೆ ಅಂದುಕೊಂಡೆ. ಬಾಗಿಲ ಬಳಿ ಕ್ಯೂನಲ್ಲಿ ಮೊದಲಿಗರು ನಾವೇ. ಕಿಟಕಿಯಲ್ಲಿ ಅವರು ಜೇಬಿನಿಂದ ತೆಗೆದದ್ದು ಡಿಡಿ.

“ಏನ್ ಯಜಮಾನ್ರೇ, ಅರ್ಜಿ ಎಲ್ಲಿ?” ಅಂದಳು ಗುಮಾಸ್ತೆ.

“ಕಟ್ಕೊಳಮ್ಮ. ಬೇಗ.”

“ಯಾಕಿಷ್ಟು ಅರ್ಜೆಂಟು?”

“ಅವನು ಹತ್ತೂವರೆಗೆ ಏಳ್ತಾನೆ.”

ತಮಟೆ, ನೋಟಿಸು, ಬೀಗ ಯಾವುದಕ್ಕೂ ಬಗ್ಗದವರು ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡರು. ನಾನು ಸಮಾಧಾನಕ್ಕೆ ಏನೋ ಹೇಳಲು ಹೋದೆ. “ನಾನು ಕಂದಾಯ ಕಟ್ಟಿಲ್ಲ ಮೇಷ್ಟ್ರೇ,” ಅಂದರು. “ಅವನನ್ನ ಕಟ್ಟೋಕೆ ಬಿಡ್ಲಿಲ್ಲ, ಅಷ್ಟೇ. ನಿಮ್ಮ ಪುಸ್ತಕದಲ್ಲಿ ಹಂಗೇ ಬರ್ಕೊಳ್ಳಿ.”

ಲ್ಯಾಮಿನೇಷನ್ ಅಂಗಡಿ ಬಂದರೂ ನಿಲ್ಲಲಿಲ್ಲ. ಬಾವಿಯಿದ್ದ ಜಾಗವನ್ನು ಬಳಸಿಕೊಂಡೇ ಹೋದರು. ಗೇಟಿನಲ್ಲಿ ನಿಂತು ಗಂಟಲು ಸರಿಮಾಡಿಕೊಂಡು ಕೂಗಿದರು: “ಏ ರಾಜಾ, ಈ ವರ್ಷದ ರಸೀದಿ ನಮ್ಮತ್ರ ಐತೆ ಅಂತ ಹೇಳೋ!”

ಗೋಡೆಯಾಚೆ ಬಾಗಿಲು ತೆರೆದ ಸದ್ದಾಯಿತು. ಆಮೇಲೆ: “ಏಪ್ರಿಲ್‌ನಲ್ಲಿ ಕಟ್ಟಿದ್ರೆ ಐದು ಪರ್ಸೆಂಟ್ ಬಿಡ್ತಾರಂತೆ ರಾಜಾ. ಬಿಡಿಸ್ಕೊಂಡ್ರಾ ಕೇಳೋ.”

ಮುನಿಆಂಜನಪ್ಪ ರಸೀದಿ ತೆಗೆದು, ಮಡಿಕೆ ಬಿಚ್ಚಿ ನೋಡಿದರು. ಐದು ಪರ್ಸೆಂಟ್ ಬಿಡಿಸಿಕೊಂಡೇ ಕಟ್ಟಿದ್ದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಆ ಸಂಜೆ ನನ್ನ ಬಾಡಿಗೆ ಸಾವಿರ ರೂಪಾಯಿ ಜಾಸ್ತಿಯಾಯಿತು. ನಾನು ಎದುರಾಡದೆ ಕೊಟ್ಟೆ.