ಲಕ್ಕಯ್ಯ ಮನೆಗೆ ಫೋನ್ ಆರಿಸಿದ್ದು

ಟಗರು ಆರಿಸುವುದರಲ್ಲಿ ಲಕ್ಕಯ್ಯನನ್ನು ಮೀರಿಸಿದವರು ಮಾಗಡಿ ಸೀಮೆಯಲ್ಲೇ ಇಲ್ಲ ಎಂಬುದು ಲಕ್ಕಯ್ಯನದೇ ಅಭಿಪ್ರಾಯ. ಹಾಗಂತ ಅದು ಸುಳ್ಳೇನಲ್ಲ. ಅರವತ್ತೆರಡು ವರ್ಷದ ಈ ಮನುಷ್ಯ ಸಂತೆಯಲ್ಲಿ ಒಂದು ಟಗರಿನ ಮುಂದೆ ಕುಕ್ಕರುಗಾಲಲ್ಲಿ ಕೂತರೆ ಅರ್ಧ ದಿನ ಏಳುವುದಿಲ್ಲ. ಹಲ್ಲು ನೋಡುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ಕೆಮ್ಮುತ್ತದೆಯೇ ಎಂದು ಕಿವಿಗೊಟ್ಟು ಕೇಳುತ್ತಾನೆ. ಮಾರುವವನ ಮಾತನ್ನು ಮಾತ್ರ ಒಂದು ಚೂರೂ ಕೇಳುವುದಿಲ್ಲ. ನಲವತ್ತು ವರ್ಷದಲ್ಲಿ ಒಂದೇ ಒಂದು ಕಳಪೆ ಟಗರು ಅವನ ಮಂದೆಗೆ ಬಂದಿಲ್ಲ. ಅಂಥವನ ಹೆಗಲಿಗೆ ಈ ಬೇಸಿಗೆಯಲ್ಲಿ ಟಗರಲ್ಲದ ಒಂದನ್ನು ಆರಿಸುವ ಕೆಲಸ ಬಿತ್ತು. ಮನೆಗೊಂದು ಫೋನ್.

ಕಾರಣ ಮಗಳು ಸಿಂಧು. ಕಬ್ಬಾಳಿಗೆ ಕೊಟ್ಟಿದ್ದ ಹುಡುಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ತವರೋ, ಸಾವನದುರ್ಗದ ಬೆನ್ನ ಹಿಂದಿನ ಹನ್ನೆರಡು ಮನೆಯ ದೊಡ್ಡಿ. ಅಷ್ಟು ದೊಡ್ಡ ಬಂಡೆ ಅಡ್ಡ ನಿಂತ ಮೇಲೆ ಮೊಬೈಲಿಗೆ ಸಿಗ್ನಲ್ ಎಲ್ಲಿಂದ ಬರಬೇಕು? ಮಾತಾಡಬೇಕೆಂದರೆ ಮನೆಯ ಹಿಂದಿನ ಆಳೆತ್ತರದ ಗುಂಡುಕಲ್ಲು ಹತ್ತಬೇಕು, ಪೂರ್ವಕ್ಕೆ ತಿರುಗಬೇಕು, ಫೋನನ್ನು ಎಡಗೈಯಲ್ಲಿ ಹಿಡಿಯಬೇಕು. ಬಲಗೈಯಲ್ಲಿ ಹಿಡಿದರೆ ಬರುವುದಿಲ್ಲವೆಂದು ದೊಡ್ಡಿಯವರೆಲ್ಲ ಆಣೆ ಮಾಡಿ ಹೇಳುತ್ತಾರೆ. ಒಂದು ಬೆಳಿಗ್ಗೆ ಎಂಟು ತುಂಬಿದ ಬಸುರಿ ಸಿಂಧು ಗಂಡ ಬೀರೇಶನ ಜೊತೆ ಹರಟುತ್ತ ಆ ಗುಂಡಿನ ನೆತ್ತಿಯ ಮೇಲೆ ನಿಂತಿದ್ದಳು. ತಾಯಿ ಮುನಿತಾಯಮ್ಮ ಅದನ್ನು ನೋಡಿ ಹಿಡಿದಿದ್ದ ಅಂಬಲಿ ಚೆಂಬನ್ನು ಕೈಬಿಟ್ಟಳು.

"ಸಿಂಧು ಅಪ್ಪೋ! ಓಡಿ ಬಾ! ನಿನ್ ಮಗ್ಳು ಎಲ್ಲವ್ಳೆ ನೋಡು!"

ಇಬ್ಬರೂ ಸೇರಿ ಮಗಳನ್ನು ಕೆಳಗಿಳಿಸಿದ ಮೇಲೆ ಮುನಿತಾಯಮ್ಮ ಗಂಡನ ಕಡೆ ತಿರುಗಿದಳು. "ನೋವು ಬಂದಾಗ್ಲೂವೆ ಗುಂಡು ಹತ್ತಿ ಆಂಬುಲೆನ್ಸ್ ಕರೀಬೇಕಾ? ಹದಿನೈದು ದಿನದೊಳ್ಗೆ ಮನೇಲಿ ಫೋನ್ ಇರ್ಬೇಕು. ತಂತಿ ಇರೋ ಫೋನು. ಹೇಳ್ಬುಟ್ಟಿವ್ನಿ."

"ಆಗ್ಲಿ ಕಣಮ್ಮಿ. ನೋಡಿ ಆರಿಸ್ತೀನಿ."

ಆ 'ನೋಡಿ ಆರಿಸ್ತೀನಿ' ಕೇಳಿ ಮುನಿತಾಯಮ್ಮ ಹಣೆ ಚಚ್ಚಿಕೊಂಡಳು. ಕಳೆದ ಸಲ ಟಗರು ನೋಡಿ ಆರಿಸಲು ಅವನು ನಾಲ್ಕು ತಿಂಗಳು ತೆಗೆದುಕೊಂಡಿದ್ದ.

ಲಕ್ಕಯ್ಯ ಫೋನ್ ಕೊಡುವವರ ಅಂಗಡಿಗಳ ಕಡೆ ತಲೆ ಹಾಕಲೇ ಇಲ್ಲ. ಮಾರುವವನು ಹೊಗಳದೆ ಇನ್ನೇನು ಮಾಡುತ್ತಾನೆ? ಫೋನ್ ಇಟ್ಟುಕೊಂಡವರ ಮನೆ ಹುಡುಕಿಕೊಂಡು ಹೊರಟ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಗುರುತಿಲ್ಲದವರ ಬಾಗಿಲಲ್ಲಿ ನಿಂತು, "ತಾಯೀ, ನಿಮ್ಮನೆ ಫೋನು ಮಳೆಗೆ ಹೆಂಗೆ?" ಎಂದು ಕೇಳುತ್ತಿದ್ದ. ಆಮೇಲೆ ಎರಡನೆಯ ಪ್ರಶ್ನೆ. ಕೆಟ್ಟರೆ ಯಾರು ಬರುತ್ತಾರೆ, ಅವರ ಹೆಸರೇನು, ಎಷ್ಟು ಹೊತ್ತಿಗೆ ಬರುತ್ತಾರೆ. ಹೆಸರು ಗೊತ್ತಿಲ್ಲ ಎಂದವರ ಮನೆಯ ಫೋನು ಅಲ್ಲಿಗೇ ಫೇಲು.

ಮೊದಲನೆಯ ಮನೆಯಲ್ಲಿ ಕಾಫಿ ಕೊಟ್ಟು, ಕಸೂತಿ ಬಟ್ಟೆ ಹೊದಿಸಿ ಇಟ್ಟಿದ್ದ ಫೋನನ್ನು ತೋರಿಸಿದರು. ಯುಗಾದಿಯಿಂದ ಉಸಿರಿಲ್ಲ, ಬಿಲ್ಲು ಮಾತ್ರ ತಿಂಗಳು ತಪ್ಪದೆ ಬರುತ್ತಿತ್ತು. ಎರಡನೆಯ ಮನೆಯದು ನೋಡಲು ಚೆಂದ, ತಂತಿಯೇ ಇಲ್ಲ, ಒಳಗೆ ಸಿಮ್ ಹಾಕಿದರೆ ಸಾಕು. ಲಕ್ಕಯ್ಯ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ನೂ ಗುಂಡು ಹತ್ತಿಸ್ಬೇಕಾಯ್ತದೆ" ಎಂದು ಕೆಳಗಿಟ್ಟ. ಮೂರನೆಯದು ನಿವೃತ್ತ ಮೇಷ್ಟ್ರು ಅನಂತರಾಜು ಅವರ ಮನೆ. ಅಲ್ಲಿದ್ದದ್ದು ಫೈಬರ್ ಲೈನು. ಮೇಷ್ಟ್ರು ಸಂಕೋಚವಿಲ್ಲದೆ ಇದ್ದದ್ದು ಇದ್ದಹಾಗೆ ಹೇಳಿದರು.

"ಒಳಗಿರೋದು ಗಾಜಿನ ಎಳೆ ಲಕ್ಕಯ್ಯ, ಮಳೆಗೆ ಜಗ್ಗಲ್ಲ. ಕೆಟ್ಟರೆ ಉಜೈರ್ ಅಂತ ರಾಮನಗರದ ಹುಡುಗ, ಅವತ್ತೇ ಬರ್ತಾನೆ. ಆದ್ರೆ ಕರೆಂಟ್ ಹೋದ್ರೆ ಫೋನೂ ಹೋಗುತ್ತೆ. ಒಂದು ಬ್ಯಾಟರಿ ಡಬ್ಬಿ ಇಟ್ಕೊಂಡ್ರೆ ನಾಲ್ಕು ಗಂಟೆ ತಡೀತದೆ."

ಲಕ್ಕಯ್ಯನಿಗೆ ಕುಣಿಯುವಂತಾಯಿತು. ಐಬನ್ನೂ ಬಾಯಿಬಿಟ್ಟು ಹೇಳುವ ಗಿರಾಕಿ ಇರುವ ಮಾಲು ಎಂದರೆ ಅದು ಮಾಲು! ಹೆಸರಿದೆ, ಹೊತ್ತಿದೆ, ಕಾಯಿಲೆ ಏನೆಂದು ಗೊತ್ತಿದೆ, ಅದಕ್ಕೆ ಮದ್ದೂ ಇದೆ. ಆದರೆ ಇಷ್ಟಕ್ಕೆ ಹತ್ತು ದಿನ ಕಳೆದಿತ್ತು, ಮನೆಯಲ್ಲಿ ಅವನ ಪಾಲಿನ ಮುದ್ದೆ ದಿನೇ ದಿನೇ ಸಣ್ಣದಾಗುತ್ತಿತ್ತು.

ಹನ್ನೊಂದನೆಯ ದಿನ ಮೇಷ್ಟ್ರು ಹೇಳಿಕಳಿಸಿದ ಉಜೈರ್ ಸ್ಕೂಟರಿನಲ್ಲಿ ದೊಡ್ಡಿಗೆ ಬಂದ. ಮೂವತ್ತರ ಆಸುಪಾಸು, ಇಸ್ತ್ರಿ ಹಾಕಿದ ಅಂಗಿ, ಬಾಯಿ ತುಂಬ ಪ್ಲಾನುಗಳು. ಇಂಟರ್ನೆಟ್ಟು, ಟಿವಿ, ಸಿನಿಮಾ ಎಲ್ಲ ಸೇರಿ ತಿಂಗಳಿಗೆ ಐನೂರ ತೊಂಬತ್ತೊಂಬತ್ತು ಎಂದು ಶುರು ಮಾಡಿದ. ಲಕ್ಕಯ್ಯ ಹೆಗಲ ಟವೆಲ್ ತೆಗೆದು ಅವನ ಬಲಗೈ ಮೇಲೆ ಹೊದಿಸಿ, ಅದರ ಕೆಳಗೆ ತನ್ನ ಕೈ ತೂರಿಸಿ ಅವನ ಮೂರು ಬೆರಳು ಹಿಡಿದ.

ಸಂತೆಯಲ್ಲಿ ವ್ಯಾಪಾರ ನಡೆಯುವುದೇ ಹೀಗೆ. ಸುತ್ತ ನಿಂತವರಿಗೆ ಬೆಲೆ ತಿಳಿಯಬಾರದೆಂದು ಟವೆಲ್ ಕೆಳಗೆ ಬೆರಳಿನಲ್ಲೇ ಮಾತು. ಮೂರು ಬೆರಳೆಂದರೆ ಇಲ್ಲಿ ಮುನ್ನೂರು. ಒಪ್ಪದವನು ಕೈ ಎಳೆದುಕೊಳ್ಳುತ್ತಾನೆ, ಒಪ್ಪಿದವನು ಅದುಮುತ್ತಾನೆ. ಒಮ್ಮೆ ಅದುಮಿದರೆ ಮುಗಿಯಿತು, ಆಮೇಲೆ ತಲೆ ಹೋದರೂ ಮಾತು ಬದಲಿಸುವಂತಿಲ್ಲ. ಪಾಪದ ಉಜೈರನಿಗೆ ಇದೆಲ್ಲ ಏನು ಗೊತ್ತು? ಮುದುಕ ಪ್ರೀತಿಯಿಂದ ಕೈ ಹಿಡಿದಿದ್ದಾನೆ ಎಂದುಕೊಂಡ. ಸಾಲದ್ದಕ್ಕೆ ಅವನಿಗೆ ಕಚಗುಳಿ ಜಾಸ್ತಿ. ಕಿಸಕ್ಕನೆ ನಕ್ಕು ಲಕ್ಕಯ್ಯನ ಕೈಯನ್ನು ಗಟ್ಟಿಯಾಗಿ ಅದುಮಿದ.

"ಆಯ್ತು ಮಗಾ," ಎಂದ ಲಕ್ಕಯ್ಯ ಖುಷಿಯಾಗಿ. "ನಾಳೆ ಬಂದು ಕಟ್ಟು."

ನಾಳೆ ಬಂತು, ತಂತಿಯೂ ಬಂತು. ಜಗಲಿ ಗೋಡೆಗೆ ಲೈನಿನ ಡಬ್ಬಿ, ಬ್ಯಾಟರಿ ಡಬ್ಬಿ ಎರಡನ್ನೂ ಹೊಡೆದು, ಫೋನ್ ಇಟ್ಟು, ಉಜೈರ್ ಸಹಿಗೆ ಕಾಗದ ಚಾಚಿದ. ಸಿಂಧು ಅದನ್ನು ಗಟ್ಟಿಯಾಗಿ ಓದಿದಳು. ಐನೂರ ತೊಂಬತ್ತೊಂಬತ್ತು, ತೆರಿಗೆ ಬೇರೆ.

ಲಕ್ಕಯ್ಯ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವನ ಮುಖ ಸಪ್ಪಗಾಯಿತು. "ನೆನ್ನೆ ಮುನ್ನೂರಕ್ಕೆ ಕೈ ಅದುಮಿದ್ಯಲ್ಲ ಮಗಾ? ಅದುಮಿ ಮಾತು ತಪ್ಪೋರ ಮಾಲು ನಮ್ಮನೇಲಿ ನಿಲ್ಲಲ್ಲ. ಬಿಚ್ಕೊಂಡು ಹೋಗು."

"ಬಿಚ್ಚಿದ್ರೆ ನೋಡು!" ಮುನಿತಾಯಮ್ಮ ಒನಕೆ ಹಿಡಿದುಕೊಂಡೇ ಹೊರಗೆ ಬಂದಳು. "ಇನ್ನು ನಾಕು ದಿನಕ್ಕೋ ಐದು ದಿನಕ್ಕೋ ನೋವು ಬತ್ತದೆ. ಆಗ ನಿನ್ ಟವೆಲ್ ಬೀಸಿ ಆಂಬುಲೆನ್ಸ್ ಕರೀತೀಯಾ?"

"ಮಾತು ಅಂದ್ರೆ ಮಾತು ಕಣಮ್ಮಿ."

"ಮಗ್ಳು ಅಂದ್ರೆ?"

ಲಕ್ಕಯ್ಯ ತಲೆ ತಗ್ಗಿಸಿದ. ಮಗಳೋ ಮಾತೋ ಎಂದು ಜೀವನದಲ್ಲಿ ಯಾರೂ ಅವನನ್ನು ಹೀಗೆ ನಿಲ್ಲಿಸಿ ಕೇಳಿರಲಿಲ್ಲ. ಕೊನೆಗೆ ಕಾಗದಕ್ಕೆ ಕೈ ಚಾಚಿದ. ಚಾಚುತ್ತ, ವ್ಯಾಪಾರದ ಟವೆಲನ್ನು ಹೆಗಲಿಂದ ತೆಗೆದು ಕೆಳಗಿಟ್ಟ. ಅದನ್ನು ನೋಡಲಾಗದೆ ಉಜೈರನೇ ಕಾಗದವನ್ನು ಹಿಂದಕ್ಕೆ ಎಳೆದುಕೊಂಡ.

"ಯಜಮಾನ್ರೇ, ತಪ್ಪು ನಂದು. ಬೆರಳಿನ ಲೆಕ್ಕ ನಂಗೆ ಗೊತ್ತಿರ್ಲಿಲ್ಲ. ಬರೀ ಮಾತಾಡೋಕೆ ಅಂತ ಒಂದು ಪ್ಲಾನ್ ಐತೆ. ಇಂಟರ್ನೆಟ್ ಇಲ್ಲ, ಟಿವಿ ಇಲ್ಲ. ತೆರಿಗೆ ಎಲ್ಲ ಸೇರಿ ಇನ್ನೂರ ತೊಂಬತ್ತೈದು. ಅದ್ರಲ್ಲಿ ನಂಗೆ ಕಮಿಷನ್ ಬರಲ್ಲ, ಅದಕ್ಕೇ ಬಾಯಿ ಬಿಟ್ಟಿರ್ಲಿಲ್ಲ."

ಲಕ್ಕಯ್ಯ ಬೆರಳು ಮಡಚಿ ಲೆಕ್ಕ ಹಾಕಿದ. ಆಮೇಲೆ ಎಷ್ಟು ಜೋರಾಗಿ ನಕ್ಕನೆಂದರೆ ಹಟ್ಟಿಯೊಳಗಿನ ಕುರಿಗಳೆಲ್ಲ ಒಟ್ಟಿಗೆ ಅರಚಿಕೊಂಡವು. "ಮುನ್ನೂರಕ್ಕೆ ಅದುಮಿ ಐದ್ರುಪಾಯಿ ಕಮ್ಮಿಗೆ ಕೊಟ್ಬುಟ್ಟ ಕಣಮ್ಮಿ! ಇಂಥ ವ್ಯಾಪಾರ ಯಾವ ಸಂತೇಲೂ ಆಗಿಲ್ಲ!" ಉಜೈರನಿಗೆ ಬಾಡೂಟ ಹಾಕದೆ ಅವನು ಬಿಡಲಿಲ್ಲ.

ಆ ಸಂಜೆ ದೊಡ್ಡಿಗೆ ದೊಡ್ಡಿಯೇ ಜಗಲಿಯ ಮೇಲಿತ್ತು. ಲಕ್ಕಯ್ಯ ಮೇನ್ ಸ್ವಿಚ್ ಆರಿಸಿದ, ಬ್ಯಾಟರಿ ಡಬ್ಬಿಯ ಹಸಿರು ದೀಪ ನೋಡಿದ, ರಿಸೀವರ್ ಎತ್ತಿ ಎಲ್ಲರ ಕಿವಿಗೂ ಹಿಡಿದ. ಆ 'ಕುಂಯ್' ಸದ್ದು ಕೇಳಲು ಮುದುಕಿಯರು ಸಾಲಾಗಿ ನಿಂತರು. ಮೊದಲ ಫೋನು ಅಳಿಯನಿಗೆ. ಗೊತ್ತಿಲ್ಲದ ಲ್ಯಾಂಡ್‌ಲೈನ್ ನಂಬರು ಕಂಡು ಸಾಲ ಕೊಡುವ ಕಂಪನಿಯವರಿರಬೇಕೆಂದು ಬೀರೇಶ ಐದು ಸಲ ಕಟ್ ಮಾಡಿದ. ಆರನೆಯ ಸಲ ಎತ್ತಿ, "ನಂಗ್ಯಾವ್ ಲೋನೂ ಬೇಡ ಇಡ್ರೀ!" ಎಂದು ಮಾವನಿಗೇ ಗದರಿದ. ಸಿಂಧು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಒಸಿ ಮೆತ್ಗೆ ನಗು ಮಗಾ, ಇಲ್ಲೇ ಹೆರಿಗೆ ಆಗ್ಬುಟ್ಟಾತು!" ಎಂದು ತಾಯಿ ಬೈದಳು.

ಫೋನ್ ಬಂದ ಆರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕರೆಂಟ್ ಹೋಯಿತು. ಹನ್ನೊಂದೂಕಾಲಿಗೆ ನೋವು ಬಂತು. ಮುನಿತಾಯಮ್ಮ ಓಡಿಹೋಗಿ ರಿಸೀವರ್ ಎತ್ತಿದಳು. ಸದ್ದಿತ್ತು. ಒಂದು, ಸೊನ್ನೆ, ಎಂಟು. ಆಂಬುಲೆನ್ಸ್ ಬಂದು ತಾಯಿ ಮಗಳನ್ನು ಹತ್ತಿಸಿಕೊಂಡು ಮಾಗಡಿ ಆಸ್ಪತ್ರೆಗೆ ಹೊರಟುಹೋಯಿತು. ಮಂದೆ ಬಿಟ್ಟು ಬರುವ ಹಾಗಿಲ್ಲ ಎಂದು ಲಕ್ಕಯ್ಯ ಹಿಂದೆ ಉಳಿದ.

ಮಂದೆಯನ್ನಾದರೂ ನೋಡಿಕೊಂಡನೇ? ಇಲ್ಲ. ಅವತ್ತು ಕುರಿಗಳು ಹಟ್ಟಿಯಲ್ಲೇ ಉಪವಾಸ ಅರಚಿದವು, ಲಕ್ಕಯ್ಯ ಫೋನಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಎಡೆಬಿಡದೆ ಬ್ಯಾಟರಿಯ ಹಸಿರು ದೀಪ ನೋಡಿದ. ನಾಲ್ಕು ಗಂಟೆ ತಡೆಯುತ್ತದೆ ಎಂದಿದ್ದರು ಮೇಷ್ಟ್ರು, ಅಂದರೆ ಮೂರರವರೆಗೆ. ಗಡಿಯಾರದಲ್ಲಿ ಒಂದಾಯಿತು, ಎರಡಾಯಿತು. ಎರಡೂವರೆಗೆ ದೀಪ ಕೆಂಪಾಯಿತು. ನಲವತ್ತು ವರ್ಷದ ಜಂಬವೆಲ್ಲ ಇಳಿದು, ಲಕ್ಕಯ್ಯ ಕಬ್ಬಾಳಮ್ಮ ದೇವಿಗೆ ಏನೇನೋ ಹರಕೆ ಹೇಳಿಕೊಂಡ. ಮೂರಕ್ಕೆ ಐದು ನಿಮಿಷ ಇರುವಾಗ ಫೋನ್ ಬಡಿದುಕೊಂಡಿತು.

ಎತ್ತಿದ. ಆ ಕಡೆಯಿಂದ ಹಲೋ ಇಲ್ಲ, ಮಾತಿಲ್ಲ. ಆಸ್ಪತ್ರೆಯನ್ನೇ ಎತ್ತಿಹಾಕುವ ಹಾಗೆ ಒಂದು ಎಳೆಗಂಟಲು ಕಿರುಚುತ್ತಿತ್ತು, ಅಷ್ಟೇ. ಲಕ್ಕಯ್ಯ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಗೆ ಒರಗಿದ. ಕಣ್ಣೀರು ಮೀಸೆಗೆ ಇಳಿದರೂ ಒರೆಸಿಕೊಳ್ಳಲಿಲ್ಲ.

"ಕೇಳಿಸ್ತಾ?" ಮುನಿತಾಯಮ್ಮನ ದನಿ ಬಂತು. "ಇಬ್ರೂ ಚೆನ್ನಾಗವ್ರೆ. ಏನು ಮಗು ಅಂತಾನೂ ಕೇಳಲ್ವಾ?"

"ನೀನೊಸಿ ಸುಮ್ಕಿರಮ್ಮಿ," ಎಂದ ಲಕ್ಕಯ್ಯ. "ಅದಿನ್ನೂ ಮಾತಾಡ್ತಾ ಐತೆ."